ಪರೀಕ್ಷಕರಿಗೆ ತೋರಿಸುವ ನಾಟಕ, ನೃತ್ಯವನ್ನು ಊರಿಗೂ ತೋರಿಸಿ: ವಿಶ್ವವಿದ್ಯಾಲಯಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಕುಲಸಚಿವರೇ, ನಾಟಕ ಮತ್ತು ನೃತ್ಯ ವಿಭಾಗಗಳ ಮೇಷ್ಟ್ರುಗಳೇ, ಮೇಡಂಗಳೇ,

ನಮಸ್ಕಾರ.

ಈ ಪತ್ರ ಒಂದೇ ವಿಶ್ವವಿದ್ಯಾಲಯಕ್ಕೆ ಬರೆದದ್ದಲ್ಲ. ಕರ್ನಾಟಕದಲ್ಲಿ ನಾಟಕ, ನೃತ್ಯ ಕಲಿಸುವ ಎಲ್ಲ ವಿಶ್ವವಿದ್ಯಾಲಯಗಳಿಗೂ ಬರೆಯುತ್ತಿದ್ದೇನೆ. ಕೇಳುವುದು ಒಂದೇ ವಿಷಯ. ಈ ವರ್ಷದ ವಿದ್ಯಾರ್ಥಿ ಪ್ರಯೋಗಗಳನ್ನು ಪರೀಕ್ಷೆಯ ದಿನ ಒಂದೇ ಒಂದು ಶೋ ಮಾಡಿ ಮುಗಿಸಬೇಡಿ. ಅವನ್ನೆಲ್ಲ ಸೇರಿಸಿ ಒಂದು ಸೀಸನ್ ಮಾಡಿ, ದಿನಾಂಕಗಳನ್ನು ಮೊದಲೇ ಹೇಳಿ, ಸಂಜೆ ಹೊತ್ತು ಇಟ್ಟುಕೊಳ್ಳಿ, ಊರಿನವರನ್ನು ಕರೆಯಿರಿ, ಒಂದೊಂದು ನಾಟಕವನ್ನೂ ಒಂದೊಂದು ನೃತ್ಯ ಕಾರ್ಯಕ್ರಮವನ್ನೂ ಐದಾರು ಸಲವಾದರೂ ಆಡಿಸಿ.

ನಾನು ನಾಟಕದವಳಲ್ಲ, ನೃತ್ಯದವಳೂ ಅಲ್ಲ. ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆದರೆ ಎಲ್ಲಿ ನಾಟಕ ಇದ್ದರೂ ಹೋಗುತ್ತೇನೆ, ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಹೋದ ವರ್ಷ ಎಂ.ಎ. ವಿದ್ಯಾರ್ಥಿಗಳು ತುಂಬ ಚೆನ್ನಾಗಿ ನಾಟಕ ಆಡಿದರಂತೆ. ನನಗೆ ಗೊತ್ತಾಗಿದ್ದು ಆಟ ಮುಗಿದ ಮೇಲೆ, ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳ ವಾಟ್ಸಾಪ್ ಸ್ಟೇಟಸ್ ನೋಡಿ. ಕೇಳಿದರೆ ಹೇಳಿದಳು: ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ ಶೋ, ಮುಂದಿನ ಸಾಲಿನಲ್ಲಿ ಪರೀಕ್ಷಕರು, ಹಿಂದೆ ಜೂನಿಯರ್‌ಗಳು, ಅಷ್ಟೇ. ಮಧ್ಯಾಹ್ನ ಊಟದ ಹೊತ್ತಿಗೆ ಸೆಟ್ ಬಿಚ್ಚಿ ಆಗಿತ್ತು. ತಿಂಗಳುಗಟ್ಟಲೆ ತಾಲೀಮು ಮಾಡಿದ ಹುಡುಗರು ಒಂದೂವರೆ ಗಂಟೆಯಲ್ಲಿ ಮುಖದ ಬಣ್ಣ ತೊಳೆದುಕೊಂಡು ಹಾಸ್ಟೆಲ್‌ಗೆ ಹೋದರು. ನನಗೆ ಬಹಳ ಬೇಜಾರಾಯಿತು. ನಮಗೆ ನೋಡಲು ಸಿಗಲಿಲ್ಲ ಅನ್ನುವುದಕ್ಕಿಂತ ಜಾಸ್ತಿ, ಆ ಮಕ್ಕಳಿಗೆ ಏನು ತಪ್ಪಿಹೋಯಿತು ಅಂತ.

ಏನು ತಪ್ಪಿತು ಅನ್ನುವುದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಪತ್ರದ ಜೀವ ಅದರಲ್ಲೇ ಇದೆ.

ತಾಲೀಮಿನಲ್ಲಿ ನಿರ್ದೇಶಕರು ನಗುತ್ತಾರೆ, ಗೆಳೆಯರು ನಗುತ್ತಾರೆ. ಎಲ್ಲಿ ನಗು ಬರುತ್ತದೆ ಅಂತ ನಟನಿಗೆ ಮೊದಲೇ ಗೊತ್ತು. ಗೊತ್ತಿಲ್ಲದ ಜನ ಬಂದು ಕೂತ ದಿನ ಅದೆಲ್ಲ ತಲೆಕೆಳಗಾಗುತ್ತದೆ. ನಗಬೇಕಾದ ಕಡೆ ಸಭೆ ಸುಮ್ಮನಿರುತ್ತದೆ, ಯಾರೂ ಎಣಿಸದ ಮಾತಿಗೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ಜೋರಾಗಿ ನಗುತ್ತಾರೆ, ನಟ ಮುಂದಿನ ಮಾತನ್ನು ಆ ನಗುವಿನೊಳಗೇ ಹೇಳಿಬಿಡುತ್ತಾನೆ, ಅದು ಯಾರಿಗೂ ಕೇಳಿಸುವುದಿಲ್ಲ. ಮಾರನೇ ದಿನ ಅವನು ಅಲ್ಲಿ ಒಂದು ಕ್ಷಣ ಕಾಯುತ್ತಾನೆ. ಆ ಒಂದು ಕ್ಷಣ ಕಾಯುವುದನ್ನು ಯಾವ ಕ್ಲಾಸಿನಲ್ಲೂ ಕಲಿಸಲು ಆಗುವುದಿಲ್ಲ. ಮೂರನೇ ಶೋಗೆ ಗಂಟಲು ಕಟ್ಟುತ್ತದೆ, ಆಗ ಉಸಿರಿನ ಪಾಠ ನಿಜವಾಗಿ ನೆನಪಾಗುತ್ತದೆ. ನಾಲ್ಕನೆಯದಕ್ಕೆ ಬೇಸರ ಬರುತ್ತದೆ, ಅದೇ ಮಾತನ್ನು ಹೊಸದಾಗಿ ಹೇಳುವುದು ಹೇಗೆ ಅಂತ ಹುಡುಕಬೇಕಾಗುತ್ತದೆ. ನಟನಾಗುವುದು ಅಂದರೆ ಈ ಬೇಸರವನ್ನು ದಾಟುವುದು ಅಲ್ವಾ? ಬೆಳಕು ಬಿಡುವ ಹುಡುಗಿಗೂ ಇದೇ ಮಾತು. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಕೈಕೊಟ್ಟಾಗ ಏನು ಮಾಡಬೇಕು ಅಂತ ಅವಳಿಗೆ ಗೊತ್ತಾಗುವುದು ಅದು ಕೈಕೊಟ್ಟ ಸಂಜೆ. ಸೆಟ್ ಮಾಡಿದವನಿಗೆ ತನ್ನ ಮೆಟ್ಟಿಲು ಎಷ್ಟು ಗಟ್ಟಿ ಅಂತ ತಿಳಿಯುವುದು ಐದು ಸಲ ಜನ ಹತ್ತಿ ಇಳಿದ ಮೇಲೆ. ಒಂದೇ ಶೋನಲ್ಲಿ ಇದ್ಯಾವುದೂ ಆಗುವುದಿಲ್ಲ. ಅಂಕ ಬರುತ್ತದೆ, ಅಷ್ಟೇ.

ನಮ್ಮ ನಾಡಿನಲ್ಲಿ ಕಲಾವಿದರು ಬೆಳೆದದ್ದೇ ಹೀಗೆ. ಕರಾವಳಿಯ ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ಒಂದೊಂದಾಗಿ ತಿರುಗಾಟಕ್ಕೆ ಹೊರಟರೆ ಮೇ ತಿಂಗಳಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಿಲ್ಲುವುದಿಲ್ಲ. ಕೋಡಂಗಿ, ಬಾಲಗೋಪಾಲ ಅಂತ ಆಟದ ಶುರುವಿನ ಪೂರ್ವರಂಗದ ಸಣ್ಣ ವೇಷಗಳಿಂದ ಶುರುಮಾಡಿದ ಹುಡುಗ ರಾತ್ರಿ ರಾತ್ರಿ ಜನರ ಎದುರು ನಿಂತೇ ದೊಡ್ಡ ವೇಷಕ್ಕೆ ಏರುತ್ತಾನೆ. ರಂಗ ನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದರು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆ ಕಟ್ಟಿದರು. ಅವರ ಓದು ದೊಡ್ಡದೇ. ಆದರೆ ಅವರ ನಾಟಕಗಳ ಹಾಡು, ಲಯ, ಜನರನ್ನು ಹಿಡಿದು ಕೂರಿಸುವ ಗುಟ್ಟು ಕಂಪನಿಯ ಆ ದಿನಗಳಿಗೂ ಅಷ್ಟೇ ಸಾಲಗಾರ ಅಂತ ನಾನು ನಂಬುತ್ತೇನೆ.

ಹಳೇ ಕಾಲದ ಮಾತು ಬೇಡ ಅಂದರೆ ಹೆಗ್ಗೋಡಿಗೆ ಬನ್ನಿ. ಸಾಗರ ತಾಲೂಕಿನ ಒಂದು ಸಣ್ಣ ಊರು. 1949ರಲ್ಲಿ ಶುರುವಾದ ನೀನಾಸಮ್ ಅನ್ನುವ ನಾಟಕ ಸಂಸ್ಥೆ ಅಲ್ಲಿ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಅಲ್ಲಿನ ವಿದ್ಯಾರ್ಥಿಗಳು ವರ್ಷದಲ್ಲಿ ಆಡುವ ನಾಟಕಗಳನ್ನು ಸುತ್ತಲಿನ ಜನ ಬಂದು ನೋಡುತ್ತಾರೆ, ಕೃಷಿಕರು, ಅಂಗಡಿಯವರು, ಶಾಲಾ ಮಕ್ಕಳು ಎಲ್ಲರೂ. ಚೆನ್ನಾಗಿಲ್ಲದಿದ್ದರೆ ಮುಖಕ್ಕೇ ಹೇಳುತ್ತಾರೆ. 1985ರಿಂದ ನಡೆಯುತ್ತಿರುವ ತಿರುಗಾಟವಂತೂ ನಿಮಗೆ ಗೊತ್ತೇ ಇದೆ. ಕೆಲವೇ ನಾಟಕಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ರಾಜ್ಯ ಸುತ್ತುತ್ತಾರೆ, ಬಸ್ಸು ಇಳಿದು ಸೆಟ್ ಕಟ್ಟಿ, ಆಡಿ, ಬಿಚ್ಚಿ, ಮತ್ತೆ ಹೊರಡುತ್ತಾರೆ. ಸಾಣೇಹಳ್ಳಿ ಮಠದ ನಾಟಕ ತಂಡ ಶಿವಸಂಚಾರವೂ ಹಾಗೇ. ರಾಷ್ಟ್ರೀಯ ನಾಟಕ ಶಾಲೆಯಲ್ಲೂ ವಿದ್ಯಾರ್ಥಿಗಳ ನಾಟಕಗಳನ್ನು ಸಾರ್ವಜನಿಕರು ನೋಡಬಹುದು. ಹಳ್ಳಿಯ ಒಂದು ಸಂಸ್ಥೆ, ಒಂದು ಮಠ ಮಾಡುವ ಕೆಲಸವನ್ನು ನೂರಾರು ಎಕರೆ ಕ್ಯಾಂಪಸ್ಸು, ಸಭಾಂಗಣ, ಸಂಬಳದ ಸಿಬ್ಬಂದಿ ಇರುವ ವಿಶ್ವವಿದ್ಯಾಲಯ ಮಾಡಲಾಗದೇ?

ಈಗ ನೃತ್ಯದ ವಿಷಯ. ಇದು ನನಗೆ ಇನ್ನೂ ಹೆಚ್ಚು ಕಾಡುತ್ತದೆ.

ಊರಲ್ಲಿ ಖಾಸಗಿಯಾಗಿ ಭರತನಾಟ್ಯ ಕಲಿತ ಹುಡುಗಿಗೆ ಅಪ್ಪ ಅಮ್ಮ ರಂಗಪ್ರವೇಶ ಮಾಡಿಸುತ್ತಾರೆ. ಹಾಲ್ ಬಾಡಿಗೆ, ಹಿಮ್ಮೇಳ, ಸೀರೆ, ಒಡವೆ, ಊಟ, ಆಮಂತ್ರಣ ಪತ್ರಿಕೆ, ಎಲ್ಲ ಸೇರಿ ಲಕ್ಷಗಟ್ಟಲೆ ಆಗುತ್ತದೆ. ಅದು ಆಗದ ಮನೆಯ ಮಕ್ಕಳು ಎಷ್ಟೋ ಜನ ನಿಮ್ಮ ವಿಭಾಗಕ್ಕೆ ಬರುತ್ತಾರೆ. ಹಳ್ಳಿಯಿಂದ ಬರುತ್ತಾರೆ, ಸ್ಕಾಲರ್‌ಶಿಪ್ ನಂಬಿಕೊಂಡು ಬರುತ್ತಾರೆ. ಅವರಿಗೆ ಪೂರ್ತಿ ಮಾರ್ಗವನ್ನು, ಅಂದರೆ ಭರತನಾಟ್ಯ ಕಾರ್ಯಕ್ರಮದ ಇಡೀ ಕ್ರಮವನ್ನು, ಮೊದಲ ಅಲರಿಪುವಿನಿಂದ ಕೊನೆಯ ತಿಲ್ಲಾನದವರೆಗೆ, ಜನ ತುಂಬಿದ ಸಭೆಯಲ್ಲಿ, ಎದುರಿಗೆ ಹಾಡುವವರನ್ನೂ ಮೃದಂಗದವರನ್ನೂ ಕೂರಿಸಿಕೊಂಡು ಕುಣಿಯುವ ಅವಕಾಶ ಸಿಗುವುದಾದರೆ ವಿಶ್ವವಿದ್ಯಾಲಯದಲ್ಲೇ ಸಿಗಬೇಕು. ಈಗ ಸಿಗುವುದು ಏನು? ನಾನು ನೋಡಿದ ಪರೀಕ್ಷೆಗಳಲ್ಲಿ ಪೆನ್‌ಡ್ರೈವ್ ಹಾಕಿ ಕುಣಿಸುತ್ತಾರೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕಾದ ವರ್ಣವನ್ನು, ಮಾರ್ಗದ ಮುಖ್ಯ ನೃತ್ಯವನ್ನೇ, ಹೊತ್ತಾಯಿತು ಅಂತ ನಡುವೆಯೇ ನಿಲ್ಲಿಸುತ್ತಾರೆ.

ರೆಕಾರ್ಡ್ ಆದ ಹಾಡು ಯಾರಿಗೂ ಕಾಯುವುದಿಲ್ಲ. ಒಂದೇ ಸಾಲನ್ನು ಬಗೆಬಗೆಯಾಗಿ ಅಭಿನಯಿಸುವ ಸಂಚಾರಿಯಲ್ಲಿ, ನೋಡುವವರು ಇವತ್ತು ತಲ್ಲೀನರಾಗಿದ್ದಾರೆ, ಇನ್ನೊಂದು ಸುತ್ತು ಅದೇ ಸಾಲಿಗೆ ಬೇರೆ ಅಭಿನಯ ಮಾಡೋಣ ಅಂತ ಕುಣಿಯುವವಳಿಗೆ ಅನ್ನಿಸಿದರೂ ಪೆನ್‌ಡ್ರೈವ್ ಮುಂದೆ ಹೋಗಿಬಿಡುತ್ತದೆ. ಹಾಡುವವರು ಎದುರಿದ್ದರೆ ಒಂದು ಕಣ್ಸನ್ನೆ ಸಾಕು. ಇದಕ್ಕೆ ದುಡ್ಡಿಲ್ಲ ಅನ್ನುತ್ತೀರಿ. ಆದರೆ ಎಷ್ಟೋ ಕಡೆ ಪಕ್ಕದ ಕೊಠಡಿಯಲ್ಲೇ ಸಂಗೀತ ವಿಭಾಗ ಇದೆ. ಅಲ್ಲಿ ಹಾಡುವ ಹುಡುಗಿಯರಿದ್ದಾರೆ, ಮೃದಂಗ, ಪಿಟೀಲು, ಕೊಳಲು ಕಲಿಯುವವರಿದ್ದಾರೆ. ಅವರಿಗೆ ನೃತ್ಯಕ್ಕೆ ಹಾಡುವುದನ್ನು, ನುಡಿಸುವುದನ್ನು ಒಂದು ಪತ್ರಿಕೆಯಾಗಿ ಇಡಿ, ಕ್ರೆಡಿಟ್ ಕೊಡಿ. ಮುಂದೆ ಅವರಲ್ಲಿ ಹಲವರ ಹೊಟ್ಟೆಪಾಡು ನೃತ್ಯದ ಹಿಮ್ಮೇಳದಿಂದಲೇ ನಡೆಯುತ್ತದೆ. ತಾಳ ಹಾಕಿ ನೃತ್ಯ ನಡೆಸುವ ನಟ್ಟುವಾಂಗವನ್ನು ಸೀನಿಯರ್ ವಿದ್ಯಾರ್ಥಿಯೇ ಮಾಡಲಿ. ತಾಳ ತಪ್ಪಿದರೆ ಜನರ ಮುಂದೆ ತಪ್ಪಲಿ, ನಾಳೆ ಸರಿಯಾಗುತ್ತದೆ.

ಭರತನಾಟ್ಯದ ವೆಂಕಟಲಕ್ಷಮ್ಮನವರನ್ನು ನೆನಪು ಮಾಡಿಕೊಳ್ಳಿ. ಕಡೂರು ಕಡೆಯ ತಾಂಡಾದಲ್ಲಿ ಬಂಜಾರ ಮನೆಯಲ್ಲಿ 1906ರಲ್ಲಿ ಹುಟ್ಟಿದವರು. ಚಿಕ್ಕವರಿರುವಾಗಲೇ ಜಟ್ಟಿ ತಾಯಮ್ಮನವರ ಹತ್ತಿರ ಕಲಿತು ಮೈಸೂರು ಅರಮನೆಯ ಆಸ್ಥಾನ ನರ್ತಕಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ಕಲಿಸಲು ಶುರುಮಾಡಿದಾಗ ಅವರನ್ನು ಕರೆದು ರೀಡರ್ ಮಾಡಿತು. ಎಂಥ ದೊಡ್ಡ ಕೆಲಸ ಅದು! ಅರಮನೆಯೊಳಗೆ ಕೆಲವರು ಮಾತ್ರ ನೋಡುತ್ತಿದ್ದ ಅಭಿನಯ ಯಾರು ಬೇಕಾದರೂ ಅರ್ಜಿ ಹಾಕಿ ಕಲಿಯಬಹುದಾದ ವಿದ್ಯೆ ಆಯಿತು. 1992ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅರಮನೆಯಿಂದ ಹೊರಗೆ ತಂದ ವಿದ್ಯೆಯನ್ನು ವಿಭಾಗದ ನಾಲ್ಕು ಗೋಡೆಯೊಳಗೆ ಇಟ್ಟುಕೊಳ್ಳುವುದು ನ್ಯಾಯ ಅಲ್ಲ ಅಂತ ನನ್ನ ಮಾತು.

ಇವತ್ತೂ ಅಂಥವರನ್ನು ಕರೆಯಲು ದಾರಿ ಇದೆ. 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ಮಾರ್ಗಸೂಚಿ ಹೊರಡಿಸಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷದ ಅನುಭವ ಇರುವ ಪರಿಣತರಾದರೆ ಪಿಎಚ್.ಡಿ. ಇಲ್ಲದಿದ್ದರೂ ನೇಮಿಸಿಕೊಳ್ಳಬಹುದು, ಮಂಜೂರಾದ ಹುದ್ದೆಗಳ ಶೇ 10ರವರೆಗೆ. ದೊಡ್ಡಾಟದ ಒಬ್ಬ ಭಾಗವತರನ್ನೋ, ಮೂಡಲಪಾಯ ಯಕ್ಷಗಾನದ ಹಿರಿಯರನ್ನೋ, ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ನುಡಿಸಿ ಮುಪ್ಪಾದವರನ್ನೋ ಒಂದು ಸೀಸನ್ನಿಗೆ ಕರೆಸಿ ವಿದ್ಯಾರ್ಥಿಗಳ ಜೊತೆ ಒಂದು ಪ್ರಯೋಗ ಮಾಡಿಸಿ. ಅದನ್ನು ಅವರ ಊರಲ್ಲೇ ಆಡಿ. ಮೂಲ ಆಟ ಬಲ್ಲ ಜನರ ಮುಂದೆ ನಿಲ್ಲುವುದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?

ಕಷ್ಟಗಳಿವೆ, ನನಗೆ ಗೊತ್ತು. ವಿಭಾಗದ ಮೇಷ್ಟ್ರುಗಳ ಹತ್ತಿರ ಮಾತಾಡಿದ್ದೇನೆ. ಎಷ್ಟೋ ಕಡೆ ಪಾಠ ಮಾಡುವವರಲ್ಲಿ ಬಹುಪಾಲು ಅತಿಥಿ ಉಪನ್ಯಾಸಕರು. ಅವರಿಗೆ ಮುಂದಿನ ಸೆಮಿಸ್ಟರ್ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಆರು ತಿಂಗಳ ಮುಂದಿನ ಸೀಸನ್ ಅವರು ಹೇಗೆ ಯೋಜಿಸಬೇಕು? ಒಂದು ಕಿರೀಟ ಮಾಡಿಸಲು ಮೂರು ಕೊಟೇಶನ್ ತರಬೇಕು, ಬಿಲ್ಲು ಪಾಸಾಗುವ ಹೊತ್ತಿಗೆ ನಾಟಕ ಮುಗಿದಿರುತ್ತದೆ, ಮೇಷ್ಟ್ರು ಕೈಯಿಂದ ಹಾಕಿದ ದುಡ್ಡು ವಾಪಸ್ ಬರುವುದೇ ಇಲ್ಲ. ಕುಲಸಚಿವರೇ, ಹಣಕಾಸು ಅಧಿಕಾರಿಗಳೇ, ಇದು ನಿಮ್ಮ ಕೈಯಲ್ಲಿದೆ. ಪ್ರತಿ ವಿಭಾಗಕ್ಕೂ ಪ್ರಯೋಗಗಳಿಗೆ ಅಂತ ಒಂದು ಮುಂಗಡ ಕೊಡಿ, ಜುಲೈ ಆಗಸ್ಟಿನಲ್ಲೇ ಕೊಡಿ. ಒಂದೇ ಶೋಗೆ ಸೆಟ್ಟು, ವೇಷಭೂಷಣ, ಬೆಳಕಿಗೆ ಮಾಡಿದ ಖರ್ಚು ಆರು ಶೋಗೆ ಆರು ಪಟ್ಟಾಗುವುದಿಲ್ಲ. ದೊಡ್ಡ ಖರ್ಚು ಮೊದಲ ದಿನವೇ ಆಗಿರುತ್ತದೆ. ಆಮೇಲಿನದು ಬೆಳಕಿನ ಬಾಡಿಗೆ, ಚಹಾ ತಿಂಡಿ, ವ್ಯಾನಿನ ಡೀಸೆಲ್ಲು.

ಟಿಕೆಟ್ ಇಡಿ ಅಂತಲೂ ಕೇಳುತ್ತೇನೆ. ಐವತ್ತು ರೂಪಾಯಿ, ವಿದ್ಯಾರ್ಥಿಗಳಿಗೆ ಇಪ್ಪತ್ತು. ಪುಕ್ಕಟೆ ಅಂದರೆ ಜನ ಹಗುರವಾಗಿ ತಗೊಳ್ಳುತ್ತಾರೆ, ಇಪ್ಪತ್ತು ರೂಪಾಯಿ ಕೊಟ್ಟವರು ಹೊತ್ತಿಗೆ ಸರಿಯಾಗಿ ಬರುತ್ತಾರೆ. ನಾಟಕ, ನೃತ್ಯಕ್ಕೆ ತಲೆಗೆ 500 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ, ಆ ತಲೆನೋವು ಬೇಡ. ಆದರೆ ಬಂದ ದುಡ್ಡು ವಿಶ್ವವಿದ್ಯಾಲಯದ ದೊಡ್ಡ ಖಾತೆಯಲ್ಲಿ ಕರಗಿಹೋಗದೆ ಮುಂದಿನ ವರ್ಷದ ಪ್ರಯೋಗಕ್ಕೇ ಸಿಗುವ ಹಾಗೆ ಸಿಂಡಿಕೇಟಿನಲ್ಲಿ ಒಂದು ನಿರ್ಣಯ ಮಾಡಿ. ಬೆಂಗಳೂರಿನ ರಂಗಶಂಕರ ರಂಗಮಂದಿರ 2004ರಿಂದ ಒಂದು ಶಿಸ್ತು ಕಲಿಸಿದೆ. ಏಳೂವರೆ ಅಂದರೆ ಏಳೂವರೆ, ಆಮೇಲೆ ಬಾಗಿಲು ಮುಚ್ಚಿತು, ಯಾರೇ ಬಂದರೂ ಇಲ್ಲ. ನಿಮ್ಮ ಸೀಸನ್ನಿಗೂ ಅದೇ ನಿಯಮ ಇರಲಿ, ಕುಲಪತಿಗಳೇ, ನಿಮಗೂ ಸೇರಿಸಿ. ದಯವಿಟ್ಟು ನಾಟಕಕ್ಕೆ ಮೊದಲು ಸಭಾ ಕಾರ್ಯಕ್ರಮ ಇಡಬೇಡಿ. ಬಣ್ಣ ಹಚ್ಚಿಕೊಂಡು ಗೆಜ್ಜೆ ಕಟ್ಟಿಕೊಂಡ ಮಕ್ಕಳು ಭಾಷಣ ಮುಗಿಯುವವರೆಗೆ ವಿಂಗ್‌ನಲ್ಲಿ ಬೆವರುತ್ತಾ ನಿಂತಿರುತ್ತಾರೆ. ಮೈ ಬಿಸಿ ಮಾಡಿಕೊಂಡದ್ದೆಲ್ಲ ತಣ್ಣಗಾಗುತ್ತದೆ, ಕುಣಿಯುವವರಿಗೆ ಅದರಿಂದ ಕಾಲು ಉಳುಕಬಹುದು.

ಇನ್ನೊಂದು ಮುಖ್ಯ ವಿಷಯ, ನಾಟಕಕಾರರ ಅನುಮತಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಕೊಟ್ಟಿದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ ಆಡಿದರೆ, ನೋಡುವವರು ಅದೇ ಸಂಸ್ಥೆಯವರು, ವಿದ್ಯಾರ್ಥಿಗಳ ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಅನುಮತಿ ಬೇಡ. ಊರಿನವರನ್ನು ಕರೆದು ಟಿಕೆಟ್ ಇಟ್ಟರೆ ಈ ವಿನಾಯಿತಿ ಸಿಗುವುದಿಲ್ಲ. ಹಾಗಂತ ಹೆದರಿ ಬಾಗಿಲು ಮುಚ್ಚಬೇಡಿ. ಲೇಖಕರಿಗೋ ಅವರ ಮನೆಯವರಿಗೋ ಒಂದು ಪತ್ರ ಬರೆಯಿರಿ, ಪ್ರತಿ ಶೋಗೆ ಗೌರವಧನ ಇಷ್ಟು ಅಂತ ಮಾತಾಡಿಕೊಳ್ಳಿ. ಬರೆದು ಬದುಕುವವರಿಗೆ ಕೊಡಬೇಕಾದ್ದು ಕೊಡುವುದನ್ನು ವಿದ್ಯಾರ್ಥಿಗಳು ಓದುವಾಗಲೇ ಕಲಿಯಲಿ. ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದರೆ ಅನುಮತಿಯ ಪ್ರಶ್ನೆಯೇ ಇಲ್ಲ. ನಾಟಕಕಾರ ಸಂಸ 1939ರಲ್ಲಿ ತೀರಿಕೊಂಡರು, ಟಿ.ಪಿ. ಕೈಲಾಸಂ 1946ರಲ್ಲಿ. ಇಬ್ಬರ ನಾಟಕಗಳನ್ನೂ ಯಾರು ಎಷ್ಟು ಸಲ ಬೇಕಾದರೂ ಆಡಬಹುದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ನಾಟಕಗಳಿಗೆ 2054 ಮುಗಿಯುವವರೆಗೆ ಕೇಳಲೇಬೇಕು. ಒಂದು ಸೀಸನ್ನಿನಲ್ಲಿ ಒಂದು ಹಳೇ ನಾಟಕ, ಇವತ್ತು ಬರೆಯುತ್ತಿರುವವರ ಒಂದು ಹೊಸ ನಾಟಕ, ಒಂದು ಪೂರ್ತಿ ಮಾರ್ಗ, ಆ ಭಾಗದ ಒಂದು ಬಯಲಾಟ ಇದ್ದರೆ ನನ್ನಂಥವರು ಎಲ್ಲಕ್ಕೂ ಬರುತ್ತೇವೆ.

ಹುಡುಗಿಯರ ಹಾಸ್ಟೆಲ್ ಗೇಟಿನ ಬಗ್ಗೆ ಹೇಳದಿದ್ದರೆ ಪತ್ರ ಅರ್ಧವೇ ಆಗುತ್ತದೆ. ಸಂಜೆ ಏಳಕ್ಕೋ ಎಂಟಕ್ಕೋ ಗೇಟು ಹಾಕಿದರೆ ಅವರು ತಾಲೀಮು ಮಾಡುವುದು ಯಾವಾಗ, ಶೋ ಮುಗಿಸುವುದು ಯಾವಾಗ? ಈ ಒಂದು ಕಾರಣಕ್ಕೆ ದೊಡ್ಡ ಪಾತ್ರ ಹುಡುಗರಿಗೆ ಹೋದದ್ದನ್ನು ನಾನು ಕೇಳಿದ್ದೇನೆ. ಸೀಸನ್ ನಡೆಯುವ ವಾರಗಳಲ್ಲಿ ಆ ವಿದ್ಯಾರ್ಥಿನಿಯರಿಗೆ ವಾರ್ಡನ್ ಹತ್ತಿರ ಲಿಖಿತ ಅನುಮತಿ ಇರಲಿ, ರಾತ್ರಿ ಬಿಡಲು ಒಂದು ವಾಹನ ಇರಲಿ, ಜೊತೆಗೆ ಒಬ್ಬ ಮೇಡಂ ಇರಲಿ. ಮತ್ತೆ ನಿಮ್ಮ ಕ್ಯಾಂಪಸ್ಸುಗಳು ಹೆಚ್ಚಿನವು ಊರಾಚೆ ಇವೆ. ರಾತ್ರಿ ಒಂಬತ್ತಕ್ಕೆ ಅಲ್ಲಿಂದ ಬಸ್ಸಿಲ್ಲ. ಆರು ಶೋಗಳಲ್ಲಿ ಎರಡನ್ನಾದರೂ ಊರೊಳಗಿನ ರಂಗಮಂದಿರದಲ್ಲೋ ಹೈಸ್ಕೂಲ್ ಮೈದಾನದಲ್ಲೋ ಇಡಿ. ಬಯಲಲ್ಲಾದರೆ ರಾತ್ರಿ ಹತ್ತರ ನಂತರ ಮೈಕ್ ಹಾಕುವಂತಿಲ್ಲ, ಆರೂವರೆಗೆ ಶುರುಮಾಡಿದರೆ ಆರಾಮಾಗಿ ಮುಗಿಯುತ್ತದೆ. ಮಳೆ ನಿಂತ ಮೇಲೆ ನವೆಂಬರ್‌ನಿಂದ ಫೆಬ್ರವರಿವರೆಗೆ ಇದಕ್ಕೆಲ್ಲ ಒಳ್ಳೇ ಕಾಲ.

ಪರೀಕ್ಷೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಪರೀಕ್ಷಕರು ಬರಲಿ, ಜನರ ನಡುವೆ ಟಿಕೆಟ್ ಸೀಟಿನಲ್ಲೇ ಕೂರಲಿ, ಮೊದಲ ಶೋ ಒಂದು, ಐದನೇ ಶೋ ಒಂದು ನೋಡಲಿ. ನಡುವೆ ವಿದ್ಯಾರ್ಥಿ ಏನನ್ನು ತಿದ್ದಿಕೊಂಡ ಅನ್ನುವುದಕ್ಕೆ ಅಂಕ ಕೊಡಲಿ. ಒಂದು ದಿನ ಜ್ವರ ಬಂದ ಹುಡುಗಿಯ ಎರಡು ವರ್ಷದ ಓದು ಆ ಒಂದು ಬೆಳಗಿನ ಮೇಲೆ ನಿಲ್ಲುವುದೂ ಆಗ ತಪ್ಪುತ್ತದೆ.

ಊರಿನವರಿಗೂ ಎರಡು ಮಾತು. ನಮ್ಮ ತೆರಿಗೆ ದುಡ್ಡಿನಲ್ಲಿ ನಡೆಯುವ ವಿಭಾಗಗಳಿವು. ಯಾವಾಗ ಏನು ಆಡುತ್ತೀರಿ ಅಂತ ಹೋಗಿ ಕೇಳೋಣ. ಕರೆದ ದಿನ ಟಿವಿ ಆರಿಸಿ ಹೋಗೋಣ, ಮಕ್ಕಳನ್ನೂ ಅಜ್ಜಿ ತಾತನನ್ನೂ ಕರೆದುಕೊಂಡು ಹೋಗೋಣ. ಹೊಸಬರು ಮಾತು ಮರೆತರೆ ನಗಬೇಡಿ, ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡಬೇಡಿ, ಮುಗಿದ ಮೇಲೆ ನಿಂತು ಅವರ ಹತ್ತಿರ ಮಾತಾಡಿ. ಚೆನ್ನಾಗಿತ್ತು ಅಂತ ಮಾತ್ರ ಹೇಳಿ ಹೋಗಬೇಡಿ, ಎಲ್ಲಿ ಅರ್ಥವಾಗಲಿಲ್ಲ ಅಂತಲೂ ಹೇಳಿ.

ನಮ್ಮ ಕಾಲೇಜಿನ ಕಡೆಯಿಂದ ಆಗುವುದನ್ನು ನಾನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಹತ್ತಿರದ ವಿಶ್ವವಿದ್ಯಾಲಯ ಸೀಸನ್ ಘೋಷಿಸಿದರೆ ಪೋಸ್ಟರ್ ಅಂಟಿಸಲು, ಬಾಗಿಲಲ್ಲಿ ಟಿಕೆಟ್ ಹರಿಯಲು, ಜನರನ್ನು ಕೂರಿಸಲು ನಮ್ಮ ಎನ್‌ಎಸ್‌ಎಸ್ ಮಕ್ಕಳು ಬರುತ್ತಾರೆ. ನಾಟಕ ನೋಡಿ ಬಂದವರು ಅದರ ಬಗ್ಗೆ ಎರಡು ಪುಟ ಬರೆಯುವುದನ್ನು ನನ್ನ ಕನ್ನಡ ಕ್ಲಾಸಿನ ಅಸೈನ್‌ಮೆಂಟ್ ಮಾಡುತ್ತೇನೆ, ಬರೆದದ್ದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಕಳಿಸಿಕೊಡುತ್ತೇನೆ. ಸುತ್ತಲಿನ ಬೇರೆ ಕಾಲೇಜುಗಳ ಕನ್ನಡ ಮೇಷ್ಟ್ರುಗಳ ಹತ್ತಿರವೂ ಮಾತಾಡುತ್ತೇನೆ, ಒಂದು ಶೋ ತುಂಬಿಸುವಷ್ಟು ಜನ ಖಂಡಿತ ಸಿಗುತ್ತಾರೆ.

ನಿಮ್ಮಿಂದ ಬೇಕಾದ್ದು ಮೊದಲು ದಿನಾಂಕಗಳ ಒಂದು ಪಟ್ಟಿ. ದಸರಾ ರಜೆಯೊಳಗೆ ಅದು ಬಂದರೆ ನಮ್ಮ ಟೈಮ್‌ಟೇಬಲ್ ಅದಕ್ಕೆ ಹೊಂದಿಸಿಕೊಳ್ಳುತ್ತೇವೆ.

ಇಂತಿ,
ನಿಮ್ಮ ವಿಭಾಗಗಳ ಪ್ರಯೋಗಗಳಿಗೆ ಕಾಯುತ್ತಿರುವ
ಒಬ್ಬ ಕನ್ನಡ ಅಧ್ಯಾಪಕಿ